ಮೊದಲು ಸಿಗುವುದೇ ಹೊಸ ಪ್ರತಿ

ಮಲಪ್ರಭೆಯ ದಂಡೆಯ ಮೇಲೆ ಮುಪ್ಪಿನಯ್ಯ ಎಂಬ ಗುರುಗಳ ಆಶ್ರಮವಿತ್ತು. ಆಶ್ರಮದಲ್ಲಿ ಒಂದು ಓಲೆಗರಿಯ ಭಂಡಾರವಿತ್ತು.

ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂದರೂ, ಎತ್ತಿಗೆ ಹೊಟ್ಟೆಯುಬ್ಬರವಾದರೂ, ಮದುವೆಯ ಅಡುಗೆಯಲ್ಲಿ ಅನುಮಾನ ಬಂದರೂ ಅಲ್ಲಿಗೇ ಬರುತ್ತಿದ್ದರು. ಎಲ್ಲಕ್ಕೂ ಒಂದೊಂದು ಗ್ರಂಥವಿತ್ತು.

ಒಂದೊಂದು ಗ್ರಂಥಕ್ಕೂ ಹಲವು ಪ್ರತಿಗಳಿದ್ದವು. ಹಳೆಯ ಪ್ರತಿಯಲ್ಲಿ ತಪ್ಪು ಕಂಡರೆ ತಿದ್ದಿ ಹೊಸ ಪ್ರತಿ ಬರೆಯುವುದು ಅಲ್ಲಿನ ರೂಢಿ. ಹಳೆಯದನ್ನು ಮಾತ್ರ ಎಸೆಯುತ್ತಿರಲಿಲ್ಲ. ಬರೆದ ಕೈಗೆ ಮರ್ಯಾದೆ ಬೇಡವೇ?

ಹೀಗಾಗಿ ಸರಿಯಾದದ್ದೂ ತಪ್ಪಾದದ್ದೂ ಒಂದೇ ಬಣ್ಣದ ಬಟ್ಟೆ ಸುತ್ತಿಕೊಂಡು ಅಕ್ಕಪಕ್ಕದಲ್ಲಿ ಕೂತಿರುತ್ತಿದ್ದವು.

ಭಂಡಾರದ ಹೊಣೆ ಕಲ್ಲಿನಾಥ ಎಂಬ ಶಿಷ್ಯನದು. ಅವನು ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು.

ಬೇಕಾದ ಗ್ರಂಥ ಬೇಗ ಸಿಗಲೆಂದು ಕಲ್ಲಿನಾಥ ಒಂದು ಸೂಚಿ ಮಾಡಿದ. ಭಂಡಾರದ ಈ ಗೋಡೆಯಿಂದ ಆ ಗೋಡೆಗೆ ಉದ್ದನೆಯ ಹಗ್ಗ ಕಟ್ಟಿದ. ಪ್ರತಿಯೊಂದು ಪ್ರತಿಗೂ ಒಂದು ಓಲೆಯ ಚೀಟಿ ಮಾಡಿ ಹಗ್ಗಕ್ಕೆ ತೂಗುಹಾಕಿದ. ಚೀಟಿಯ ಮೇಲೆ ಗ್ರಂಥದ ಹೆಸರು, ಅದು ಯಾವ ಗೂಡಿನಲ್ಲಿದೆ ಎಂಬ ಗುರುತು.

ಚೀಟಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ. ಒಂದೇ ಗ್ರಂಥಕ್ಕೆ ಹಲವು ಪ್ರತಿಗಳಿದ್ದರೆ ಹೊಸದರ ಚೀಟಿ ಮೊದಲು, ಆಮೇಲೆ ಅದಕ್ಕಿಂತ ಹಳೆಯದು, ಆಮೇಲೆ ಇನ್ನೂ ಹಳೆಯದು.

“ಬರೆದ ವರ್ಷವನ್ನು ಚೀಟಿಯ ಮೇಲೆ ಹಾಕಲಿಲ್ಲವೇ?” ಎಂದು ಮುಪ್ಪಿನಯ್ಯ ಕೇಳಿದರು.

“ಏಕೆ ಗುರುಗಳೇ? ಕ್ರಮವೇ ಅದನ್ನು ಹೇಳುತ್ತದೆ.”

“ಯಾರಿಗೆ?”

“ಫಲಕ ಓದಿದವರಿಗೆ,” ಎಂದು ಕಲ್ಲಿನಾಥ ಬಾಗಿಲ ಬಳಿ ಒಂದು ಫಲಕ ನೇತುಹಾಕಿದ. ಅದರಲ್ಲಿ ಹೀಗೆ ಬರೆದಿತ್ತು:

‘ಹೊಸದು ಮುಂದೆ, ಹಳೆಯದು ಹಿಂದೆ.’

ಆಶ್ರಮದ ಅಡುಗೆಯ ಹೊಣೆ ಹಿರಿಯ ಶಿಷ್ಯ ಗುಡ್ಡಪ್ಪನದು. ಒಂದು ಹುಣ್ಣಿಮೆಗೆ ಗೋಧಿ ಹುಗ್ಗಿ ಮಾಡಬೇಕೆಂದು ಅವನು ಭಂಡಾರಕ್ಕೆ ಬಂದ. ಫಲಕ ಓದಿದ. ‘ಪಾಕವಿಧಿ’ಯ ಚೀಟಿಗಳು ಸಿಕ್ಕವು. ಹೊಸದು ಮುಂದೆ ಇದೆಯಲ್ಲ ಎಂದು ಮುಂದೆ ಮುಂದೆ ನಡೆದು, ಕಟ್ಟಕಡೆಯ ಚೀಟಿ ಹಿಡಿದು, ಅದರ ಗೂಡಿನಿಂದ ಗ್ರಂಥ ತೆಗೆದುಕೊಂಡು ಹೋದ.

ಅದು ಎಲ್ಲಕ್ಕಿಂತ ಹಳೆಯ ಪ್ರತಿ. ಅದರಲ್ಲಿ ಎರಡು ಗರಿ ಅದಲುಬದಲಾಗಿದ್ದವು. ಹುಗ್ಗಿಯ ಅರ್ಧಕ್ಕೆ ಸಾರಿನ ಅರ್ಧ ಬಂದು ಸೇರಿತ್ತು.

ಪಂಕ್ತಿಯಲ್ಲಿ ಮೊದಲ ತುತ್ತು ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರ ಕಣ್ಣಲ್ಲಿ ನೀರು ಬಂತು.

ಮುಪ್ಪಿನಯ್ಯ ನಿಧಾನವಾಗಿ ಅಗಿದು ನುಂಗಿದರು. “ಗುಡ್ಡಪ್ಪ, ಹುಗ್ಗಿಗೆ ಇಂಗಿನ ಒಗ್ಗರಣೆ ಯಾರ ಉಪದೇಶ?”

“ಗ್ರಂಥದಾಗ ಐತ್ರೀ ಅಪ್ಪಾರ. ಹುಳಿನೂ ಹಿಂಡು ಅಂತ ಇತ್ತು. ಮನಸ್ಸು ಬರಲಿಲ್ಲ.”

ಕಲ್ಲಿನಾಥ ಎಲೆ ಬಿಟ್ಟು ಎದ್ದ. “ಗುಡ್ಡಣ್ಣ, ಹೊಸ ಪ್ರತಿ ಮುಂದೆ ಇದೆ ಎಂದು ಸ್ಪಷ್ಟವಾಗಿ ಬರೆದಿದ್ದೇನಲ್ಲ!”

“ಅದಕ್ಕಽ ಮುಂದ ಹೋದೆ.”

“ಮುಂದೆ ಎಂದರೆ ಎದುರಿಗೆ! ಮೊದಲಿಗೆ!”

“ಮುಂದ ಅಂದ್ರ ಇನ್ನಾ ಹೋಗಬೇಕಾದ ಕಡೆ. ಮುಂದಿನ ವರ್ಷ ಅಂದ್ರ ಬಂದು ಹೋದ ವರ್ಷೇನು?”

ಇಬ್ಬರೂ ಗುರುಗಳ ಕಡೆ ತಿರುಗಿದರು.

“ಕಲ್ಲಿನಾಥ, ಮುಂದೆ ಬಾ,” ಎಂದರು ಮುಪ್ಪಿನಯ್ಯ.

ಅವನು ಗುರುಗಳ ಹತ್ತಿರ ಬಂದ.

“ಈಗ ಮುಂದೆ ಹೋಗು.”

ಅವನು ಗುರುಗಳನ್ನು ದಾಟಿ ಬಾಗಿಲ ಕಡೆ ನಡೆದ. ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಕಿವಿ ಕೆಂಪಾಯಿತು.

“ಫಲಕ ಬದಲಿಸುತ್ತೇನೆ,” ಎಂದ.

“ಅದಕ್ಕೆ ಮೊದಲು ಒಂದಿಷ್ಟು ಮಜ್ಜಿಗೆ ತಾ,” ಎಂದರು ಗುರುಗಳು.

ಈ ಸಲ ಕಲ್ಲಿನಾಥ ಯಾವ ಎರಡರ್ಥಕ್ಕೂ ಜಾಗ ಕೊಡಬಾರದೆಂದು ಶಾಸ್ತ್ರದ ಮಾತನ್ನೇ ಬಳಸಿದ:

‘ಒಂದು ಗ್ರಂಥದ ಪ್ರತಿಗಳು ಇಳಿಕ್ರಮದಲ್ಲಿವೆ.’

ಸಂಜೆಯೊಳಗೆ ಆಶ್ರಮ ಎರಡು ಹೋಳಾಯಿತು.

“ಇಳಿಕ್ರಮ ಅಂದ್ರ ಇಳಿಬೇಕು,” ಎಂದ ಗುಡ್ಡಪ್ಪ. “ಮೊದಲ ಮುದುಕ, ಆಮ್ಯಾಲ ಹರೇದವ, ಆಮ್ಯಾಲ ಕೂಸು. ವಯಸ್ಸು ಇಳಕೋತ ಬರತೈತಿ. ಅಂದ್ರ ಹಳೇದು ಮೊದಲ, ಹೊಸಾದು ಕಡೀಕ.”

“ಇಳಿಯುವುದು ವಯಸ್ಸಲ್ಲ, ವರ್ಷ!” ಎಂದ ಕಲ್ಲಿನಾಥ. “ಮೊದಲು ಈ ವರ್ಷದ್ದು. ಆಮೇಲೆ ಹೋದ ವರ್ಷದ್ದು. ಅದರಾಚೆ ಅದರ ಹಿಂದಿನ ವರ್ಷದ್ದು. ವರ್ಷ ಇಳಿಯುತ್ತಿಲ್ಲವೇ?”

“ವರ್ಷ ಇಳೀಲಿ. ಗರಿ ಮುದುಕ ಆಗಕೋತ ಹೊಂಟೈತಲ್ಲ! ಅದು ಏರೂದಲ್ಲೇನು?”

ಉಳಿದ ಶಿಷ್ಯರು ಯೋಚಿಸಿದರು. ಕೆಲವರಿಗೆ ವರ್ಷ ಇಳಿಯುವುದು ಕಂಡಿತು. ಕೆಲವರಿಗೆ ವಯಸ್ಸು ಏರುವುದು ಕಂಡಿತು. ಮೊದಲಿನವರು ಇಳಿಪಕ್ಷದವರಾದರು, ಎರಡನೆಯವರು ಏರುಪಕ್ಷದವರಾದರು. ಏರುಪಕ್ಷದವರು ಬಡಿಸಿದ್ದನ್ನು ಇಳಿಪಕ್ಷದವರು ಉಣ್ಣದಾದರು. ಅಡುಗೆಯ ಗುಡ್ಡಪ್ಪನೇ ಏರುಪಕ್ಷದ ಮುಖಂಡನಾದ್ದರಿಂದ ಇಳಿಪಕ್ಷ ಬೇಗ ಸೊರಗಿತು.

ಒಂದು ಬೆಳಗ್ಗೆ ಸ್ನಾನಕ್ಕೆ ಹೊರಟ ಶಿಷ್ಯರನ್ನೆಲ್ಲ ಮುಪ್ಪಿನಯ್ಯ ಹೊಳೆಯ ಮೆಟ್ಟಿಲ ಬಳಿ ಸಾಲಾಗಿ ನಿಲ್ಲಿಸಿದರು. ಎತ್ತರದ ಗುಡ್ಡಪ್ಪ ಎಲ್ಲರಿಗಿಂತ ಮೊದಲು. ಅವನ ಬೆನ್ನಿಗೆ ಅವನಿಗಿಂತ ಕುಳ್ಳ, ಅವನ ಬೆನ್ನಿಗೆ ಇನ್ನೂ ಕುಳ್ಳ. ಹೀಗೆ ಸಾಲು ನಿಂತಿತು.

“ಕಲ್ಲಿನಾಥ, ಸಾಲಿನ ಮೊದಲಿಂದ ನೋಡು. ಎತ್ತರ ಏರುತ್ತಿದೆಯೋ, ಇಳಿಯುತ್ತಿದೆಯೋ?”

“ಇಳಿಯುತ್ತಿದೆ ಗುರುಗಳೇ.”

“ಎಲ್ಲರೂ ನಿಂತಲ್ಲೇ ಹಿಂದಕ್ಕೆ ತಿರುಗಿ.”

ತಿರುಗಿದರು. ಈಗ ಎಲ್ಲರಿಗಿಂತ ಕುಳ್ಳನಾದವನು ಸಾಲಿನ ಮೊದಲಿಗನಾಗಿದ್ದ. ಹುಟ್ಟಿದಾಗಿನಿಂದ ಯಾವ ಸಾಲಿಗೂ ಮೊದಲಿಗನಾಗದವನು ಅವನು. ಎದೆ ಸೆಟೆಸಿ ನಿಂತ.

“ಈಗ?”

“ಏರುತ್ತಿದೆ.”

“ಯಾರಾದರೂ ಜಾಗ ಬಿಟ್ಟು ಕದಲಿದರೇ?”

“ಇಲ್ಲ.”

ಮುಪ್ಪಿನಯ್ಯ ನೀರಿಗಿಳಿದು ಮೂರು ಮುಳುಗು ಹಾಕಿದರು.

ಕಲ್ಲಿನಾಥ ಇಡೀ ದಿನ ಅದನ್ನೇ ನೆನೆದ. ಕೊನೆಗೆ ಹೊಳೆಯಿತು. ಏರು, ಇಳಿ ಎನ್ನುವುದು ಹಗ್ಗದಲ್ಲಿಲ್ಲ, ನೋಡುವವನ ಕಣ್ಣಲ್ಲಿದೆ. ಹಾಗಾದರೆ ನೋಡುವವನ ಕಣ್ಣಿಂದಲೇ ಬರೆಯಬೇಕು.

ಮುಂದೆ, ಹಿಂದೆ, ಏರು, ಇಳಿ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದ:

‘ನೀವು ನಡೆದು ಬರುವಾಗ ಒಂದು ಗ್ರಂಥದ ಚೀಟಿಗಳಲ್ಲಿ ಮೊದಲು ಸಿಗುವುದೇ ಹೊಸ ಪ್ರತಿ.’

ಗುಡ್ಡಪ್ಪ ಓದಿದ. ಒಳಗೆ ಹೋದ. ಹೊಸ ಪಾಕವಿಧಿ ಹಿಡಿದು ಹೊರಗೆ ಬಂದ. “ಈಗ ಮನಷ್ಯಾರು ಓದೂ ಹಂಗ ಐತಿ,” ಎಂದ.

ಅವತ್ತು ಎರಡೂ ಪಕ್ಷದವರು ಒಂದೇ ಪಂಕ್ತಿಯಲ್ಲಿ ಉಂಡರು. ಹುಗ್ಗಿ ಸಿಹಿಯಾಗಿತ್ತು.

ಕಲ್ಲಿನಾಥ ಗುರುಗಳನ್ನು ಕರೆತಂದು ಫಲಕ ತೋರಿಸಿದ. ಮುಪ್ಪಿನಯ್ಯ ಓದಿ ಬಾಗಿಲನ್ನು ನೋಡಿದರು. ಆಮೇಲೆ ಕಲ್ಲಿನಾಥನನ್ನು ನೋಡಿದರು.

“ಚೆನ್ನಾಗಿದೆ. ಇಲ್ಲಿಂದ,” ಎಂದರು.

ಕಲ್ಲಿನಾಥನ ಕಿವಿಗೆ ‘ಚೆನ್ನಾಗಿದೆ’ ಎಂಬುದಷ್ಟೇ ಬಿತ್ತು.

ಭಂಡಾರಕ್ಕೆ ಇನ್ನೊಂದು ಬಾಗಿಲಿತ್ತು. ಅದು ಹಗ್ಗದ ಇನ್ನೊಂದು ತುದಿಗೆ, ಅಡುಗೆಮನೆಯ ಕಡೆ. ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ ಅದಕ್ಕೆ ಅಡ್ಡವಾಗಿತ್ತು. ಸೌದೆ ಉರಿದು ಮುಗಿದಾಗ ಬಾಗಿಲು ಬಯಲಾಯಿತು.

“ಇನ್ನ ಮ್ಯಾಲ ಸುತ್ತ ಹಾಕೂದು ತಪ್ಪಿತು,” ಎಂದ ಗುಡ್ಡಪ್ಪ. “ತಮ್ಮಾ, ಈ ಬಾಗಲಕ್ಕೂ ಒಂದು ಫಲಕ ಬರದು ಹಾಕು.”

ಕಲ್ಲಿನಾಥ ಅಂಗಳದಲ್ಲಿ ಕೂತು, ಮೊದಲಿನ ಫಲಕ ನೋಡಿಕೊಂಡು, ಒಂದಕ್ಷರ ತಪ್ಪದ ಹಾಗೆ ಇನ್ನೊಂದು ಬರೆದ. ಒತ್ತು, ದೀರ್ಘ ಎಲ್ಲವನ್ನೂ ಎರಡೆರಡು ಸಲ ತಾಳೆ ನೋಡಿದ. ಅದನ್ನು ಗುಡ್ಡಪ್ಪನ ಕೈಗೆ ಕೊಟ್ಟ. ಗುಡ್ಡಪ್ಪ ಅಡುಗೆಮನೆಯ ಕಡೆಯ ಬಾಗಿಲಿಗೆ ನೇತುಹಾಕಿದ.

ಕೆಲವು ದಿನ ಕಳೆದು ಮುಪ್ಪಿನಯ್ಯನವರಿಗೆ ಚಳಿಜ್ವರ ಬಂತು.

ಕಲ್ಲಿನಾಥ ಹೊಸ ಗರಿ ತರಲು ಹೊರಗೆ ಹೋಗಿದ್ದ. ಗುಡ್ಡಪ್ಪನೇ ‘ಜ್ವರಚಿಕಿತ್ಸೆ’ಯನ್ನು ಹುಡುಕಿ ತೆಗೆದು, ಓದಿಕೊಂಡು, ನೆಲಬೇವಿನ ಕಷಾಯ ಕಾಯಿಸಿ ಗುರುಗಳಿಗೆ ಕುಡಿಸಿದ.

ಮಧ್ಯಾಹ್ನ ಕಲ್ಲಿನಾಥ ಮರಳಿ ಬಂದಾಗ ಗುರುಗಳ ಹಾಸಿಗೆ ಖಾಲಿಯಿತ್ತು.

“ಗುರುಗಳೆಲ್ಲಿ?”

“ಹೊಳೀ ಕಡೆ ಹೋಗ್ಯಾರ.”

ಸ್ವಲ್ಪ ಹೊತ್ತಿಗೆ ಮುಪ್ಪಿನಯ್ಯ ಗೋಡೆ ಹಿಡಿದುಕೊಂಡು ಬಂದು ಕೂತರು. ಕಲ್ಲಿನಾಥ ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಅವರು ಅಲ್ಲಿರಲಿಲ್ಲ.

“ಗುಡ್ಡಣ್ಣ, ಗುರುಗಳು?”

“ಮತ್ತ ಹೊಳೀ ಕಡೆ.”

ಕಲ್ಲಿನಾಥನಿಗೆ ಏನೋ ಅನುಮಾನ ಬಂತು. ಪಾತ್ರೆಯ ತಳದಲ್ಲಿದ್ದ ಕಷಾಯಕ್ಕೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡ. ಬಾಯೆಲ್ಲ ಒಗರಾಯಿತು.

“ಅಳಲೆಕಾಯಿ ಪುಡಿ ಎಷ್ಟು ಹಾಕಿದೆ?”

“ಒಂದು ಹಿಡಿ.”

“ಹಿಡಿಯೇ! ಚಿಟಿಕೆ, ಗುಡ್ಡಣ್ಣ, ಚಿಟಿಕೆ! ಹಿಡಿ ಹಾಕಿದರೆ ಅದು ಜ್ವರದ ಮದ್ದಲ್ಲ, ಭೇದಿಯ ಮದ್ದು!”

“ಗ್ರಂಥದಾಗ ಹಿಡಿ ಅಂತ ಐತಿ. ನೀನಽ ಬಂದು ನೋಡು.”

ಕಲ್ಲಿನಾಥ ನೋಡಿದ. ಹಿಡಿ ಎಂದೇ ಇತ್ತು. ಅದು ಎಲ್ಲಕ್ಕಿಂತ ಹಳೆಯ ಪ್ರತಿ. ಆ ತಪ್ಪನ್ನು ತಿದ್ದಲೆಂದೇ ಹೊಸ ಪ್ರತಿ ಬರೆಸಲಾಗಿತ್ತು.

ಬಯ್ಯಬೇಕೆಂದು ಬಾಯಿ ತೆರೆದವನು ಪಾತ್ರೆಯ ಕಡೆ ಮತ್ತೆ ನೋಡಿದ. ಅದು ದೊಡ್ಡ ಪಾತ್ರೆ. “ಉಳಿದದ್ದು ಎಲ್ಲಿ?”

ಗುಡ್ಡಪ್ಪನ ಮುಖ ಬಿಳಿಚಿಕೊಂಡಿತು. “ಹೊಳೀ ಆಚೆ ಕುಂಬಾರ ನಿಂಬೆವ್ವ ಬಂದಿದ್ಲು. ಕೂಸಿಗೆ ಜ್ವರ ಅಂದ್ಲು. ಒಂದು ಚೊಂಬು ಕೊಟ್ಟ ಕಳಿಸೀನಿ.”

ಬಾಗಿಲಲ್ಲಿ ಮುಪ್ಪಿನಯ್ಯ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ನಾನು ಹೊಳೆಗೆ ನಡೆದು ಹೋಗಬಲ್ಲೆ,” ಎಂದರು. “ಕೂಸಿಗೆ ಅಷ್ಟು ತ್ರಾಣವಿಲ್ಲ. ಓಡು.”

ಕಲ್ಲಿನಾಥ ಓಡಿದ. ಹರಿಗೋಲು ಆಚೆ ದಂಡೆಯಲ್ಲಿತ್ತು. ಕೂಗಿದ. ಅಂಬಿಗ ಮರದ ಕೆಳಗೆ ಮಲಗಿದ್ದ, ಕದಲಲಿಲ್ಲ. ಕಲ್ಲಿನಾಥ ಹೊದ್ದಿದ್ದನ್ನು ಕಿತ್ತೆಸೆದು ನೀರಿಗೆ ಬಿದ್ದ. ಅವನಿಗೆ ಈಜು ಅಷ್ಟಕ್ಕಷ್ಟೇ. ಸೆಳವು ಎಳೆದಲ್ಲೆಲ್ಲ ಹೋಗಿ, ಎರಡು ಸಲ ನೀರು ಕುಡಿದು, ಕೆಸರಲ್ಲಿ ತೆವಳಿ ದಂಡೆ ಹತ್ತಿದ. ಕುಂಬಾರರ ಕೇರಿಯ ನಾಯಿಗಳು ಅವನನ್ನು ನೋಡಿ ಬೊಗಳುವುದನ್ನೇ ಮರೆತವು.

ನಿಂಬೆವ್ವ ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ಮಡಿಲಲ್ಲಿ ಮಗು ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಚೊಂಬು.

ಕಲ್ಲಿನಾಥ ಮಗುವಿನ ಮುಖದ ಮೇಲೆ ಬಗ್ಗಿದ.

“ಕುಡಿಸಿದೆಯಾ ತಾಯಿ?”

“ಮೆಲ್ಲಕ ಮಾತಾಡ್ರಿ ಸ್ವಾಮ್ಯಾರ. ರಾತ್ರಿಯೆಲ್ಲಾ ಅತ್ತು ಈಗ ನಿದ್ದಿ ಹತ್ತೇತಿ. ಎದ್ದಮ್ಯಾಲ ಕುಡಿಸಬೇಕಂತ ಕುಂತೀನಿ.”

ಅವನು ಚೊಂಬನ್ನು ಎತ್ತಿಕೊಂಡು ಕಷಾಯವನ್ನು ಬೂದಿಯ ಗುಂಡಿಗೆ ಸುರಿದ. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ನಿಂಬೆವ್ವ ಬೆಚ್ಚಿದಳು. “ಯಾಕ್ರಿ? ಮದ್ದು ಸರಿ ಇಲ್ಲೇನ್ರಿ?”

ಕಲ್ಲಿನಾಥನಿಗೆ ಹೇಳಲು ಬೇಕಾದಷ್ಟಿತ್ತು. ಹಗ್ಗದ ಕ್ರಮ ಸರಿಯಾಗಿಯೇ ಇದೆ. ಫಲಕದಲ್ಲಿ ಒಂದಕ್ಷರವೂ ತಪ್ಪಿಲ್ಲ. ಓದಿದವನು ಅಡುಗೆಯವನು.

ಮಗು ನಿದ್ದೆಯಲ್ಲಿ ತುಟಿ ಚೀಪಿತು.

“ಸರಿ ಇಲ್ಲ ತಾಯಿ,” ಎಂದ. “ನನ್ನಿಂದ ತಪ್ಪಾಯಿತು. ಬೇರೆ ಕಾಯಿಸಿ ತರುತ್ತೇನೆ.”

ಹೊಸ ಪ್ರತಿಯನ್ನು ಹುಡುಕಿ, ಚಿಟಿಕೆ ಅಳಲೆ ಹಾಕಿ, ತಾನೇ ಒಂದು ಗುಟುಕು ಕುಡಿದು ನೋಡಿ, ಕತ್ತಲಾಗುವ ಮೊದಲು ಅವನು ಕಷಾಯ ಮುಟ್ಟಿಸಿ ಬಂದ. ಈ ಸಲ ಹರಿಗೋಲಿನಲ್ಲಿ. ಮಗುವಿನ ಜ್ವರ ಇಳಿಯಿತು. ಗುರುಗಳ ಜ್ವರವೂ ಇಳಿಯಿತು. ಗುರುಗಳ ಹೊಟ್ಟೆ ಮಾತ್ರ ಇನ್ನೂ ತನ್ನ ನಿರ್ಧಾರ ತಿಳಿಸಿರಲಿಲ್ಲ.

ಮರುದಿನ ಕಲ್ಲಿನಾಥನೂ ಗುಡ್ಡಪ್ಪನೂ ಗುರುಗಳ ಎದುರು ಕೂತರು.

“ನೀನು ಫಲಕ ಓದಿದೆಯೋ ಇಲ್ಲವೋ?” ಎಂದು ಕಲ್ಲಿನಾಥ ಕೇಳಿದ.

“ಓದೇನಿ. ಮೊದಲ ಸಿಕ್ಕದ್ದನ್ನಽ ತಗೊಂಡೇನಿ. ಬೇಕಾದ್ರ ಆಣಿ ಮಾಡ್ತೀನಿ.”

“ಮೊದಲು ಸಿಗುವುದು ಹೊಸದು. ಅದು ಹಳೆಯದಾಗಲು ಸಾಧ್ಯವೇ ಇಲ್ಲ!”

ಮುಪ್ಪಿನಯ್ಯ ಗಂಜಿಯ ಬಟ್ಟಲು ಕೆಳಗಿಟ್ಟರು. “ಕಲ್ಲಿನಾಥ, ಹೋಗಿ ಜ್ವರಚಿಕಿತ್ಸೆಯ ಹೊಸ ಪ್ರತಿ ತಾ. ನಿನ್ನ ಫಲಕ ಹೇಳಿದಂತೆಯೇ ತಾ.”

ಅವನು ಎದ್ದು ಯಾವಾಗಲೂ ಹೋಗುವ ಬಾಗಿಲ ಕಡೆ ಹೊರಟ.

“ಅಲ್ಲಿಂದಲ್ಲ,” ಎಂದರು ಗುರುಗಳು. “ಅಡುಗೆಮನೆಯಿಂದ.”

ಕಲ್ಲಿನಾಥ ಒಲೆ ದಾಟಿ, ನೀರಿನ ಹಂಡೆ ದಾಟಿ ಆ ಬಾಗಿಲಿಗೆ ಬಂದ. ತನ್ನ ಫಲಕವನ್ನು ತಾನೇ ಗಟ್ಟಿಯಾಗಿ ಓದಿದ. ಹಗ್ಗದ ಜೊತೆ ನಡೆದ.

ಅಕ್ಷರಮಾಲೆ ತಲೆಕೆಳಗಾಗಿ ಬಂತು. ಮೊದಲು ಹಕಾರ, ಆಮೇಲೆ ಸಕಾರ. ಕಲ್ಲಿನಾಥ ನಡಿಗೆ ನಿಧಾನ ಮಾಡಿದ. ಜಕಾರಕ್ಕೆ ಬಂದ. ಮೊದಲು ಸಿಕ್ಕ ಚೀಟಿ ಹಿಡಿದ. ಅದು ಹೇಳಿದ ಗೂಡಿನಿಂದ ಗ್ರಂಥ ತೆಗೆದು ಬಿಚ್ಚಿದ.

‘ಅಳಲೆಪುಡಿ ಒಂದು ಹಿಡಿ.’

ಬಹಳ ಹೊತ್ತು ಅವನು ಹೊರಗೆ ಬರಲಿಲ್ಲ. ಬಂದಾಗ ಗ್ರಂಥ ಕೈಯಲ್ಲೇ ಇತ್ತು.

“ಹಗ್ಗ ತಪ್ಪಿತ್ತೇ?” ಎಂದರು ಮುಪ್ಪಿನಯ್ಯ.

“ಇಲ್ಲ.”

“ಫಲಕದ ಅಕ್ಷರ ತಪ್ಪಿತ್ತೇ?”

“ಇಲ್ಲ.”

“ಗುಡ್ಡಪ್ಪ ತಪ್ಪಿದನೇ?”

ಕಲ್ಲಿನಾಥ ಗುಡ್ಡಪ್ಪನನ್ನು ನೋಡಿದ. ಎದ್ದು ಹೋಗಿ ಅವನ ಕಾಲು ಮುಟ್ಟಿದ. “ಇಲ್ಲ. ಗುಡ್ಡಣ್ಣ ನಾನು ಬರೆದದ್ದನ್ನೇ ಮಾಡಿದ.”

“ಮತ್ತೆ?”

“ಆ ಬಾಗಿಲಿಂದ ನಾನು ಒಂದು ದಿನವೂ ಒಳಗೆ ಹೋಗಿರಲಿಲ್ಲ.”

ಮುಪ್ಪಿನಯ್ಯ ಏನೋ ಹೇಳಹೊರಟರು. ಅಷ್ಟರಲ್ಲಿ ಅವರ ಮುಖಭಾವ ಬದಲಾಯಿತು. ಕೈಸನ್ನೆ ಮಾಡಿ ಎದ್ದು, ಬೇಗ ಬೇಗ ಹೊಳೆಯ ಕಡೆ ನಡೆದರು.

ಅವರು ಮರಳುವಷ್ಟರಲ್ಲಿ ಕಲ್ಲಿನಾಥ ಪರಿಹಾರ ಯೋಚಿಸಿಟ್ಟಿದ್ದ.

“ಗುರುಗಳೇ, ಅಡುಗೆಮನೆಯ ಕಡೆಯ ಬಾಗಿಲಿಗೆ ಮತ್ತೆ ಸೌದೆ ಒಟ್ಟಿಸಿಬಿಡುತ್ತೇನೆ.”

“ಗುಡ್ಡಪ್ಪನ ಮೇಲೂ ನಾಲ್ಕು ಒಟ್ಟಿಸು,” ಎಂದರು ಗುರುಗಳು. “ಅವನೂ ಬರುವುದು ತಪ್ಪುತ್ತದೆ.”

ಕಲ್ಲಿನಾಥ ತಲೆ ತಗ್ಗಿಸಿದ. ಮತ್ತೆ ಯೋಚಿಸಿದ. “ಆ ಬಾಗಿಲಿಗೆ ‘ಕೊನೆಗೆ ಸಿಗುವುದೇ ಹೊಸ ಪ್ರತಿ’ ಎಂದು ಬರೆಯಲೇ?”

“ಈ ಬಾಗಿಲಲ್ಲಿ ಓದಿಕೊಂಡು ಆ ಬಾಗಿಲಿಂದ ಬಂದವನ ಗತಿ?”

ಅವನು ಎದ್ದು ಭಂಡಾರಕ್ಕೆ ಹೋದ. ಹಗ್ಗದ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿ, ಅದರ ಪ್ರತಿಯನ್ನು ಬರೆದ ವರ್ಷವನ್ನು ಅದರ ಮೇಲೆ ಕೊರೆದ. ಊಟಕ್ಕೆ ಕರೆದರೆ ಬರಲಿಲ್ಲ. ಗುಡ್ಡಪ್ಪನೇ ತಟ್ಟೆ ತಂದಿಟ್ಟ. ಆಮೇಲೆ ತಾನೂ ಕೂತು ಕೊರೆದ ಅಕ್ಷರಕ್ಕೆ ಮಸಿ ತಿಕ್ಕಿಕೊಟ್ಟ.

ಎಲ್ಲ ಮುಗಿದ ಮೇಲೆ ಎರಡೂ ಬಾಗಿಲಿಗೆ ಹೊಸ ಫಲಕ ಬಂತು:

‘ಯಾವ ಬಾಗಿಲಿಂದ ಬಂದರೂ ಚೀಟಿಯ ಮೇಲಿನ ವರ್ಷ ನೋಡಿ. ಎಲ್ಲಕ್ಕಿಂತ ಈಚಿನ ಪ್ರತಿಯನ್ನೇ ತೆಗೆದುಕೊಳ್ಳಿ.’

ಕಲ್ಲಿನಾಥ ಗುರುಗಳನ್ನೂ ಗುಡ್ಡಪ್ಪನನ್ನೂ ಕರೆತಂದ. ಈ ಸಲ ತಾನು ಬಾಯಿ ಬಿಡುವುದಿಲ್ಲವೆಂದು ತೀರ್ಮಾನಿಸಿ ಪಕ್ಕಕ್ಕೆ ಸರಿದು ನಿಂತ.

ಗುಡ್ಡಪ್ಪ ಓದಿದ. ತಲೆ ತೂಗಿದ. “ಛಲೋ ಆತು. ವರ್ಷ ಹಾಕಿದ್ದು ಛಲೋ ಆತು.”

ಕಲ್ಲಿನಾಥ ಉಸಿರು ಬಿಟ್ಟ.

ಗುಡ್ಡಪ್ಪ ಹಗ್ಗದ ಆ ತುದಿಯನ್ನು ನೋಡಿದ, ಈ ತುದಿಯನ್ನು ನೋಡಿದ. “ಅಲ್ಲೋ ತಮ್ಮಾ, ಈಚಿನ ಅಂದ್ರ... ಹಗ್ಗದ ಈ ಕಡೇದೇನು?”

ಕಲ್ಲಿನಾಥ ಫಲಕಕ್ಕೆ ಹಣೆ ಆನಿಸಿ ನಿಂತ. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾನೆಂದು ಗುಡ್ಡಪ್ಪ ಗಾಬರಿಯಾದ. ಅವನು ನಗುತ್ತಿದ್ದ. ತಡೆಯಲಾರದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಗುಡ್ಡಪ್ಪನೂ ಏಕೆಂದು ತಿಳಿಯದೆ ನಗತೊಡಗಿದ.

ನಗು ನಿಂತ ಮೇಲೆ ಕಲ್ಲಿನಾಥ ಕಣ್ಣೊರೆಸಿಕೊಂಡು ಗುರುಗಳ ಕಡೆ ತಿರುಗಿದ.

“ಗುರುಗಳೇ, ಈ ಫಲಕ ಎಂದಿಗೆ ಸರಿಯಾಗುತ್ತದೆ?”

“ಅದರ ಪಕ್ಕ ಒಂದು ಮಣೆ ಹಾಕು,” ಎಂದರು ಮುಪ್ಪಿನಯ್ಯ.

“ಓದುವವರು ಕೂರಲೆಂದೇ?”

“ಅಲ್ಲ. ಬರೆದವನು ಕೂರಲೆಂದು.”